ಕುಂಕುಮದ ರವಿಕೆಗೆ ಹಸಿರು ತೋಳು

ನನಗೆ ಸೊಕ್ಕು ಜಾಸ್ತಿ ಎಂದು ನಮ್ಮೂರಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಹೇಳಲಿ. ಹದಿನೈದು ವರ್ಷಕ್ಕೆ ನನ್ನ ಮೈಮೇಲಿನ ರವಿಕೆಯನ್ನು ನಾನೇ ಕತ್ತರಿಸಿ ನಾನೇ ಹೊಲಿದುಕೊಂಡವಳು ನಾನು. ಆ ಕಾಲದಲ್ಲಿ ಹೊಳಲು, ದುದ್ದದ ಕಡೆ ಬೇರೆ ಯಾವ ಹುಡುಗಿಯಾದರೂ ಅದನ್ನು ಮಾಡಿದ್ದರೆ ಬಂದು ಹೇಳಲಿ, ಆಗ ಬೇಕಾದರೆ ಸ್ವಲ್ಪ ತಗ್ಗುತ್ತೇನೆ. ಈ ವಯಸ್ಸಿನಲ್ಲಿ ನನಗೆ ವಿನಯ ಕಲಿಸಲು ಬರುವವರು ಕಾಫಿ ಕುಡಿದು ಹೋಗಬಹುದು.

ನಮ್ಮ ಕಡೆ ರವಿಕೆ ಹೊಲಿಸುವ ರೀತಿಯನ್ನು ಮೊದಲು ಹೇಳಬೇಕು. ದರ್ಜಿ ಗಂಡಸು. ಅವನ ಮುಂದೆ ನಿಂತು ಅಳತೆ ಕೊಡುವುದೆಂದರೆ ಮಾನ ಹೋದಂತೆ. ಅದಕ್ಕೇ ಹೊಸ ಬಟ್ಟೆಯ ಜೊತೆ ಹಳೆಯ ರವಿಕೆಯೊಂದನ್ನು ‘ಅಳತೆ ರವಿಕೆ’ ಎಂದು ಗಂಟು ಕಟ್ಟಿ, ಸಂತೆಗೆ ಹೋಗುವ ಗಂಡಸರ ಕೈಯಲ್ಲಿ ಕಳಿಸುತ್ತಿದ್ದರು. ದರ್ಜಿ ಅದನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತಾನೆ. ಒಳ್ಳೆಯದನ್ನೇ ಕಳಿಸಿಬಿಟ್ಟರೆ ಅಲ್ಲಿಯ ತನಕ ತೊಡುವುದೇನನ್ನು? ಆದ್ದರಿಂದ ಮನೆಯಲ್ಲಿರುವುದರಲ್ಲೆಲ್ಲ ಕೆಟ್ಟದ್ದನ್ನು, ಒಗೆದು ಒಗೆದು ಕುಗ್ಗಿದ್ದನ್ನು, ಇನ್ನು ತೊಡಲಾಗದು ಎಂದು ಗೂಟಕ್ಕೆ ನೇತುಹಾಕಿದ್ದನ್ನು ಕಳಿಸುವುದು. ದರ್ಜಿ ಪಾಪ, ಅದರಂತೆಯೇ ಹೊಲಿದು ಕೊಡುತ್ತಿದ್ದ. ನಮ್ಮೂರ ಹೆಂಗಸರ ಹೊಸ ರವಿಕೆಗಳೆಲ್ಲ ಹುಟ್ಟುತ್ತಲೇ ಬಿಗಿ. ಒಮ್ಮೆ ದೊಡ್ಡವ್ವ, ಅಂದರೆ ನಮ್ಮವ್ವನ ಅಕ್ಕ, ಕಳಿಸಿದ ಅಳತೆ ರವಿಕೆಯ ಬೆನ್ನಿಗೆ ತೇಪೆ ಇತ್ತು. ದರ್ಜಿ ಹೊಸದಕ್ಕೂ ಅದೇ ಜಾಗದಲ್ಲಿ ತೇಪೆ ಹಾಕಿ ಕಳಿಸಿದ. ದೊಡ್ಡವ್ವ ಅದನ್ನು ಎಲ್ಲರಿಗೂ ತಿರುಗಿಸಿ ತಿರುಗಿಸಿ ತೋರಿಸಿದಳು.

“ಕೆಲ್ಸಗಾರ ಅಂದ್ರೆ ಇವ್ನು ಕಣಮ್ಮಿ. ಒಂದ್ ಕೂದ್ಲೆಳೆ ತಪ್ಪಿಲ್ಲ ನೋಡು.”

ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂದಮೇಲೆ ಇದೆಲ್ಲ ನನ್ನ ಕಣ್ಣಿಗೆ ಚುಚ್ಚತೊಡಗಿತು. ಕಾರ್ಖಾನೆಯ ದೊಡ್ಡ ನೌಕರರ ಹೆಂಡತಿಯರು ಮೈಸೂರಿನಿಂದಲೋ ಬೆಂಗಳೂರಿನಿಂದಲೋ ಬಂದವರು. ಅವರ ಮೈಮೇಲೆ ಯುಗಾದಿಗೆ ಒಂದು ಬಗೆ, ಗೌರಿ ಹಬ್ಬಕ್ಕೆ ಇನ್ನೊಂದು ಬಗೆ. ಒಂದು ಮಾರ್ನಮಿಗೆ ಭುಜದ ಹತ್ತಿರ ನೆರಿಗೆ ಹಿಡಿದು ಉಬ್ಬಿಸಿದ ಬುಗ್ಗೆ ತೋಳು ಬಂತು. ಮುಂದಿನ ಸಂಕ್ರಾಂತಿಗೆ ತೋಳು ಅದೇ, ಕತ್ತಿನ ಸುತ್ತ ಲೇಸು. ಆಮೇಲೆ ಗುಂಡಿಯೆಲ್ಲ ಬೆನ್ನಿಗೆ ಹೋಯಿತು. ಅಪ್ಪನ ಕಬ್ಬಿನ ಗಾಡಿಯ ಮೇಲೆ ಕೂತು ನಾನು ಅವರ ತೋಳುಗಳನ್ನೇ ನೋಡುತ್ತಿದ್ದೆ. ನಮ್ಮೂರಿಗೆ ಆ ಫ್ಯಾಷನ್ನು ಬರುವ ದಾರಿಯೇ ಇರಲಿಲ್ಲ. ಹಳೆಯ ರವಿಕೆಯನ್ನು ನೋಡಿ ಹೊಲಿದರೆ ಹಳೆಯದೇ ಬರುತ್ತದೆ.

ಕಬ್ಬು ಅರೆಯುವ ಕಾಲದಲ್ಲಿ ಕಾರ್ಖಾನೆಯ ಮುಂದೆ ಗಾಡಿಗಳ ಸಾಲು ನಿಲ್ಲುತ್ತಿತ್ತು. ಬೆಳಗ್ಗೆ ಹೋದರೆ ತೂಕಕ್ಕೆ ನಮ್ಮ ಗಾಡಿ ಬರುವ ಹೊತ್ತಿಗೆ ಮಧ್ಯಾಹ್ನ ತಿರುಗುತ್ತಿತ್ತು. ಅಪ್ಪ ನನ್ನನ್ನು ಅಷ್ಟು ಹೊತ್ತು ಪೇಟೆಯ ದರ್ಜಿ ಸಾಬರ ಮನೆಯಲ್ಲಿ ಬಿಟ್ಟಿರುತ್ತಿದ್ದರು. ಸಾಬರು ಮುಂದಿನ ಅಂಗಡಿಯಲ್ಲಿ, ಅವರ ಹೆಂಡತಿ ಹಿಂದಿನ ಕೋಣೆಯಲ್ಲಿ. ಅವರಿಗೂ ಕೈಯಲ್ಲಿ ತಿರುಗಿಸುವ ಒಂದು ಮಿಷನ್ನು ಇತ್ತು. ಅವರ ಕೇರಿಯ ಹೆಂಗಸರು ಒಳಗೇ ಬಂದು ಅಳತೆ ಕೊಟ್ಟು ಹೋಗುತ್ತಿದ್ದರು. ಸಾಬರ ಹೆಂಡತಿಯನ್ನು ನಾನು, ಚಿಕ್ಕಮ್ಮ ಎನ್ನುವ ಹಾಗೆ, ಖಾಲಮ್ಮ ಎನ್ನುತ್ತಿದ್ದೆ.

ನನಗೂ ಕಲಿಸಿ ಎಂದು ನಾನೇ ಬಾಯಿಬಿಟ್ಟು ಕೇಳಿದೆ. ಖಾಲಮ್ಮ ನಗಲಿಲ್ಲ. ಒಂದು ಹಳೆಯ ಜುಬ್ಬ ಮತ್ತು ಸೂಜಿ ಕೊಟ್ಟರು.

“ಮೊದಲು ಬಿಚ್ಚೋದು ಕಲಿ ಬೇಟಿ. ಹೊಲಿಯೋದು ಆಮೇಲೆ.”

ಇಡೀ ಒಂದು ಕಬ್ಬಿನ ಕಾಲ ನಾನು ಬಿಚ್ಚಿದೆ. ಜುಬ್ಬ ಬಿಚ್ಚಿದೆ, ಪಾಯಿಜಾಮ ಬಿಚ್ಚಿದೆ, ಯಾರೋ ನೌಕರರ ಹೆಂಡತಿ ಕಂಕುಳಲ್ಲಿ ಹರಿದು ರಿಪೇರಿಗೆ ಕಳಿಸಿದ್ದ ಬುಗ್ಗೆ ತೋಳನ್ನೂ ಬಿಚ್ಚಿದೆ. ಅದನ್ನು ನೆಲದ ಮೇಲೆ ಹರಡಿದಾಗ ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ? ಮೈಮೇಲೆ ಅಷ್ಟು ದೊಡ್ಡಸ್ತಿಕೆ ತೋರಿಸುತ್ತಿದ್ದದ್ದು ಬಿಚ್ಚಿ ಹರಡಿದರೆ ಬೀಸಣಿಗೆಯ ಹಾಗೆ ಅಗಲವಾದ ಒಂದು ತುಂಡು, ಅಷ್ಟೇ. ಹಳೆಯ ಪೇಪರಿನ ಮೇಲೆ ಇಟ್ಟು ಗೆರೆ ಎಳೆದುಕೊಂಡೆ. ಖಾಲಮ್ಮ ಟೇಪು ಹಿಡಿಯುತ್ತಿರಲಿಲ್ಲ. ಗೇಣು ಇಟ್ಟು, ಉಳಿದದ್ದಕ್ಕೆ ಬೆರಳು ಇಟ್ಟು ಅಳೆಯುತ್ತಿದ್ದರು. ನನ್ನ ಕೈಗೂ ಅದೇ ಅಭ್ಯಾಸವಾಯಿತು. ಎದುರಿಗೆ ನಿಂತವಳ ಭುಜ ಎಷ್ಟು ಬೆರಳು ಎಂದು ನೋಡಿಯೇ ಹೇಳುತ್ತಿದ್ದೆ. ಈಗಲೂ ಹೇಳುತ್ತೇನೆ.

ನನ್ನ ಹಟ ನೋಡಿ ಅಪ್ಪ ಮದ್ದೂರಿನಿಂದ ಒಂದು ಮಿಷನ್ನು ತಂದರು. ರೈಲ್ವೆಯವರೊಬ್ಬರಿಗೆ ವರ್ಗವಾಗಿತ್ತು, ಅವರ ಹೆಂಡತಿ ಹೊತ್ತುಕೊಂಡು ಹೋಗಲಾರದೆ ಮಾರಿದ್ದು. ಅವ್ವ ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಹೂ ಮುಡಿಸಿ, ಎರಡು ದಿನ ಯಾರೂ ಮುಟ್ಟದಂತೆ ಕೋಣೆಯಲ್ಲಿ ಇಟ್ಟಳು. ಮೂರನೆಯ ದಿನ ನಾನು ಹೂ ತೆಗೆದು ಎಣ್ಣೆ ಹಾಕಿದೆ.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಶುರುವಾಗಿತ್ತು. ಮೊದಲು ಸೀಮೆಎಣ್ಣೆ ಹೋಯಿತು, ಆಮೇಲೆ ಬಟ್ಟೆಗೂ ಕಂಟ್ರೋಲು ಬಂತು. ಮಂಡ್ಯದಲ್ಲಾಗಲಿ ಮದ್ದೂರಿನಲ್ಲಾಗಲಿ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತರೆ ಒರಟು ಬಿಳಿ ಬಟ್ಟೆ ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ಬರಿಗೈ. ಕಾರ್ಖಾನೆ ನೌಕರರ ಹೆಂಡತಿಯರ ತೋಳುಗಳೂ ಇಳಿದವು. ಉಬ್ಬಿಸಲು ಬಟ್ಟೆ ಎಲ್ಲಿಯದು? ಎಲ್ಲರೂ ಫ್ಯಾಷನ್ನು ಮುಗಿಯಿತು ಎಂದರು. ನಮ್ಮೂರಿನಲ್ಲಿ ಅದು ಆಗ ಶುರುವಾಯಿತು, ಶುರು ಮಾಡಿದವಳು ನಾನು.

ಹೇಗೆಂದರೆ, ನಮ್ಮ ಒಬ್ಬೊಬ್ಬ ಹೆಂಗಸಿನ ಪೆಟ್ಟಿಗೆಯಲ್ಲೂ ಹತ್ತೋ ಹದಿನೈದೋ ರವಿಕೆ ಕಣ ಇರುತ್ತಿದ್ದವು. ಮಡಿಲು ತುಂಬುವಾಗ ಕೊಟ್ಟವು, ಹಬ್ಬಕ್ಕೆ ಅರಿಶಿನ ಕುಂಕುಮಕ್ಕೆ ಹೋದಾಗ ಕೊಟ್ಟವು. ಯಾರೂ ಹೊಲಿಸುತ್ತಿರಲಿಲ್ಲ. ಮುಂದಿನ ಮನೆಯ ಶಾಸ್ತ್ರಕ್ಕೆ ಬೇಕಲ್ಲ ಎಂದು ಎತ್ತಿಡುವುದು, ಕೊಡುವುದು. ನಮ್ಮ ಮನೆಯಿಂದ ಹೋದ ಗಿಳಿಹಸಿರು ಬಣ್ಣದ ಕಣವೊಂದು ನಾಲ್ಕು ಮನೆ ಸುತ್ತಿ ನಮ್ಮ ಮನೆಗೇ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವ್ವ ಗುರುತು ಹಿಡಿದು, “ನಮ್ದೇ ಕಣಮ್ಮಿ, ಚೆನ್ನಾಗ್ ಮಡ್ಗವ್ರೆ” ಎಂದು ಮತ್ತೆ ಪೆಟ್ಟಿಗೆಗೆ ಹಾಕಿದಳು.

ನಾನು ಮನೆಮನೆಗೆ ಹೋಗಿ ಪೆಟ್ಟಿಗೆ ತೆಗೆಸಿದೆ. ಊರಿನಲ್ಲಿ ಬಟ್ಟೆಯಿಲ್ಲ ಎಂದು ಅಳುತ್ತಿದ್ದವರ ಪೆಟ್ಟಿಗೆಯಿಂದ ನೀಲಿ, ನೇರಳೆ, ಅರಿಶಿನ ಎಲ್ಲ ಹೊರಬಂದವು. ಕಣ ಚಿಕ್ಕದಾದರೆ ತೋಳಿಗೆ ಹಳೆಯ ಸೀರೆಯ ಸೆರಗು ಸೇರಿಸಿದೆ. ಅಂಚನ್ನು ತೋಳಿನ ಕೊನೆಗೆ ತಂದು ಪಟ್ಟಿಯಾಗಿಸಿದೆ. ಒಬ್ಬೊಬ್ಬಳನ್ನೂ ಎದುರಿಗೆ ನಿಲ್ಲಿಸಿ ಗೇಣು ಹಾಕಿ ಅಳೆದೆ. ಮೊದಲ ಸಲ ಕೈಯೆತ್ತಿದರೆ ಹಿಡಿಯದ ರವಿಕೆ ತೊಟ್ಟ ದೊಡ್ಡವ್ವ, ಅದನ್ನು ಪರೀಕ್ಷೆ ಮಾಡಲು ಅಟ್ಟದ ಮೇಲಿನ ಮಡಕೆಗಳನ್ನೆಲ್ಲ ಒಂದೊಂದಾಗಿ ಇಳಿಸಿದಳು. ಹೊಲಿದದ್ದಕ್ಕೆ ಏನಾದರೂ ಕೊಡಬೇಕೆಂದು ಯಾರಿಗೂ ತೋಚಲಿಲ್ಲ, ಮನೆಮಗಳು ತಾನೆ. ನಾನೇ ಕೇಳಿದೆ. ರಾಗಿ ಕೊಡಿ, ಬೆಣ್ಣೆ ಕೊಡಿ, ಏನೂ ಇಲ್ಲದವರು ನಮ್ಮ ಗದ್ದೆಯಲ್ಲಿ ಅರ್ಧ ದಿನ ಕಳೆ ಕೀಳಿ ಎಂದೆ. ಸೊಕ್ಕಿನ ಮಾತು ಶುರುವಾದದ್ದು ಅಲ್ಲಿಂದಲೇ ಇರಬೇಕು. ಆಮೇಲೆ ಬಳೆಗೆ, ದಾರಕ್ಕೆ, ಸೂಜಿಗೆ ನಾನು ಅಪ್ಪನ ಮುಂದೆ ಕೈಯೊಡ್ಡಲಿಲ್ಲ.

ಹೀಗಿರುವಾಗ ಮಳವಳ್ಳಿಯ ಹತ್ತಿರದ ಹಳ್ಳಿಯಿಂದ ನನ್ನನ್ನು ನೋಡಲು ಬಂದರು. ರೇಷ್ಮೆ ಹುಳು ಸಾಕುವ ಮನೆ, ಹಿಪ್ಪುನೇರಳೆ ತೋಟವಿತ್ತು. ಹುಡುಗ ನನ್ನ ಮುಖ ನೋಡುವ ಬದಲು ಮೂಲೆಯಲ್ಲಿದ್ದ ಮಿಷನ್ನು ನೋಡಿ, “ಈ ಚಕ್ರ ತಿರುಗ್ಸಿದ್ರೆ ಸೂಜಿ ಎಂಗ್ ಕುಣೀತದೆ?” ಎಂದು ಕೇಳಿದ. ಅಷ್ಟಕ್ಕೇ ನನ್ನ ಮನಸ್ಸು ಒಪ್ಪಿತು. ಅದೇ ತೊಂದರೆಯಾದದ್ದು. ಅವನ ತಾಯಿ, ಎತ್ತರದ ಹೆಂಗಸು, ಎಲ್ಲ ಮಾತೂ ಮುಗಿದ ಮೇಲೆ ಮಿಷನ್ನಿನ ಕಡೆ ಗದ್ದ ಎತ್ತಿ ತೋರಿಸಿದರು.

“ಹುಡ್ಗಿ ನಮ್ಗೊಪ್ಪಿಗೆ. ಆದ್ರೆ ಕಂಡೋರ್ ಮೈ ಅಳ್ಯೋ ಕೆಲ್ಸ ನಮ್ಮನೇಲಿ ಬ್ಯಾಡ. ಮಿಸನ್ನ ಇಲ್ಲೇ ಬುಟ್ಟು ಬರ್ಲಿ.”

ಅಪ್ಪ ಹೂಂ ಎಂದುಬಿಟ್ಟರು. ನನ್ನನ್ನು ಒಂದು ಮಾತು ಕೇಳಲಿಲ್ಲ. ಎಂಟು ದಿನ ನಾನು ಅವರ ಜೊತೆ ಮಾತು ಬಿಟ್ಟೆ. ಒಂಬತ್ತನೆಯ ದಿನ ಅವರೇ ನನ್ನ ಪಕ್ಕ ಬಂದು ಕುಳಿತರು.

“ಮಾತ್ ಕೊಟ್ಬುಟ್ಟಿವ್ನಿ ಕಣವ್ವ. ಒಳ್ಳೆ ಮನೆ. ಮಿಸನ್ನು ಅಟ್ಟದ್ ಮೇಲಿರ್ಲಿ. ಹಬ್ಬಕ್ ಬಂದಾಗ ಒಲ್ಕೊಳ್ಳೀವಂತೆ.”

ಹಬ್ಬಕ್ಕೆ ಬಂದಾಗ. ವರ್ಷಕ್ಕೆ ಎರಡು ಸಲ ಅಟ್ಟದಿಂದ ಇಳಿಸಿ ನೋಡಿ ಕಣ್ಣೀರು ಹಾಕಲು ನಾನು ಅಷ್ಟೆಲ್ಲ ಕಲಿತೆನೆ? ಕೋಪ, ದುಃಖ ಎರಡೂ ಆಯಿತು. ಆ ಸಿಟ್ಟಿನಲ್ಲೇ, ನಾಲ್ಕು ಮನೆ ಸುತ್ತಿ ಬಂದಿದ್ದ ಗಿಳಿಹಸಿರು ಕಣವನ್ನು ಅವ್ವನ ಪೆಟ್ಟಿಗೆಯಿಂದ ತೆಗೆದು ನನಗೇ ಒಂದು ರವಿಕೆ ಹೊಲಿದುಕೊಂಡೆ. ಅಂಥ ಬುಗ್ಗೆ ತೋಳನ್ನು ನಾನು ಅಲ್ಲಿಯ ತನಕ ಯಾರಿಗೂ ಹೊಲಿದಿರಲಿಲ್ಲ. ಇದೇ ಕೊನೆಯದು ಎಂದುಕೊಂಡೇ ಒಂದೊಂದು ನೆರಿಗೆ ಹಿಡಿದೆ.

ಮದುವೆ ನಮ್ಮ ಮನೆಯ ಮುಂದಿನ ಚಪ್ಪರದಲ್ಲಿ. ಧಾರೆಗೆ ಗಂಡಿನ ಕಡೆಯವರು ತಂದ ಸೀರೆ ರವಿಕೆಯನ್ನೇ ತೊಡಬೇಕು, ಅದನ್ನು ಆ ಬೆಳಗ್ಗೆಯೇ ಹಿರಿಯ ಹೆಂಗಸರ ಮುಂದೆ ತೆಗೆಯಬೇಕು, ಇದು ಪದ್ಧತಿ. ತೆಗೆದರು. ಕುಂಕುಮ ಬಣ್ಣದ ರೇಷ್ಮೆ. ರೇಷ್ಮೆಯೆಲ್ಲ ಪ್ಯಾರಾಚೂಟಿಗೆಂದು ಯುದ್ಧಕ್ಕೆ ಹೋಗುತ್ತಿದ್ದ ಕಾಲದಲ್ಲಿ ಅವರ ಮನೆಯ ಗೂಡಿನ ನೂಲಿನಿಂದಲೇ ನೇಯಿಸಿ, ಮಳವಳ್ಳಿಯಲ್ಲಿ ಹೊಲಿಸಿ ತಂದದ್ದು. ಕೋಣೆಯಲ್ಲಿದ್ದ ಹೆಂಗಸರೆಲ್ಲ ಮುಟ್ಟಿ ಮುಟ್ಟಿ ನೋಡಿದರು. ನಾನು ಕೈ ತೂರಿಸಿದೆ. ತೋಳು ಮೊಣಕೈಗೆ ಬಂದು ನಿಂತುಬಿಟ್ಟಿತು. ಎಳೆದರೆ ಹರಿಯುತ್ತದೆ. ಮೈಗೆ ಹಿಡಿದು ನೋಡಿದರೆ ಮುಂದಿನ ಎರಡು ಪಾಲಿನ ನಡುವೆ ನಾಲ್ಕು ಬೆರಳು ಅಂತರ.

ಮುಟ್ಟುತ್ತಿದ್ದ ಕೈಗಳು ಹಿಂದೆ ಸರಿದವು. ಆಮೇಲೆ ಗುಸುಗುಸು.

“ಬಟ್ಟೆ ಉಳ್ಸಕ್ಕೋಗಿ ಮಗೀನ್ ರವಿಕೆ ಒಲ್ಸವ್ರೆ.”

“ಅಪಸಕುನ ಕಣವ್ವ, ಧಾರೆ ದಿನಾನೇ.”

ಅತ್ತೆಯಾಗಬೇಕಾದವರು ಬಾಗಿಲಲ್ಲೇ ನಿಂತಿದ್ದರು. ತಮ್ಮ ಚೀಲಕ್ಕೆ ಕೈಹಾಕಿ ಮುದುಡಿದ ಒಂದು ರವಿಕೆ ತೆಗೆದು ತೋರಿಸಿದರು. “ನೀವ್ ಕೊಟ್ಟ ಅಳ್ತೆಗೇ ಒಲ್ಸಿವ್ನಿ. ಇದೇ ಅಲ್ವಾ ನೀವ್ ಕಳ್ಸಿದ್ದು?”

ನೋಡಿದರೆ ಅದು ನಾನು ಹದಿಮೂರು ವರ್ಷದವಳಿದ್ದಾಗ ತೊಡುತ್ತಿದ್ದದ್ದು. ಅಳತೆ ರವಿಕೆ ಕೇಳಲು ಅವರ ಕಡೆಯ ಆಳು ಬಂದ ದಿನ ನಾನು ಮನೆಯಲ್ಲಿರಲಿಲ್ಲ. ಅವ್ವ ತನ್ನ ಅಭ್ಯಾಸದಂತೆ ಗೂಟದ ಮೇಲಿದ್ದ ಎಲ್ಲಕ್ಕಿಂತ ಹಳೆಯದನ್ನು ಕಟ್ಟಿ ಕಳಿಸಿದ್ದಳು. ಊರಿಗೆಲ್ಲ ಗೇಣು ಹಾಕಿ ಅಳೆದು ಹೊಲಿದವಳ ಮನೆಯಲ್ಲಿ ಈ ಕೆಲಸ. ಅವ್ವ ನೆಲ ನೋಡುತ್ತಾ ನಿಂತಳು.

ದೊಡ್ಡವ್ವ ನನ್ನ ಕಿವಿಗೆ ಬಗ್ಗಿದಳು. “ಅದ್ನ ಬುಡಮ್ಮಿ. ನಿಂದೇ ಹಸ್ರುದು ಅದೆಯಲ್ಲ, ಅದ್ನೇ ತೊಟ್ಕೊ. ಇವ್ರ್ ಯೋಗ್ತೆ ಎಲ್ರಿಗೂ ಗೊತ್ತಾಗ್ಲಿ.”

ಸುಳ್ಳು ಯಾಕೆ ಹೇಳಲಿ, ನನಗೂ ಆಸೆಯಾಯಿತು. ಹಸಿರು ರವಿಕೆ ಕೈಗೆಟುಕುವಷ್ಟು ದೂರದಲ್ಲಿ ಗೂಟಕ್ಕೆ ನೇತಾಡುತ್ತಿತ್ತು. ಅದನ್ನು ತೊಟ್ಟು ಚಪ್ಪರಕ್ಕೆ ಹೋದರೆ ನನ್ನ ಕೆಲಸ ಎಲ್ಲರಿಗೂ ಕಾಣುತ್ತದೆ, ಮಿಷನ್ನು ಬೇಡ ಎಂದವರಿಗೆ ತಕ್ಕ ಶಾಸ್ತಿಯೂ ಆಗುತ್ತದೆ. ಆದರೆ ಅತ್ತೆಯಾಗುವವರು ಆ ಕುಂಕುಮದ ರವಿಕೆಯನ್ನು ಕೈಗೆ ತೆಗೆದುಕೊಂಡು, ಎಲ್ಲಾದರೂ ಬಿಡಿಸಲು ಒಳಗೆ ಬಟ್ಟೆ ಮಡಿಚಿದೆಯೇ ಎಂದು ಉಗುರಿನಿಂದ ಹುಡುಕುತ್ತಿದ್ದರು. ಇರಲಿಲ್ಲ. ಆ ಬೆರಳುಗಳನ್ನು ನೋಡಿ ನಾನು ಗೂಟದಿಂದ ಈ ಕಡೆ ತಿರುಗಿದೆ.

“ತಪ್ಪು ನಮ್ದು,” ಎಂದೆ, ಎಲ್ಲರಿಗೂ ಕೇಳಿಸುವಂತೆ. “ನಮ್ಮವ್ವ ಕಳ್ಸಿದ್ದು ನನ್ ಚಿಕ್ಕಂದಿನ್ ರವಿಕೆ. ಅವ್ರು ಬಟ್ಟೆ ಉಳ್ಸಿಲ್ಲ. ಕತ್ತರಿ ಕೊಡಿ ಇಲ್ಲಿ.”

ದೊಡ್ಡವ್ವ ಎದೆ ಹಿಡಿದುಕೊಂಡಳು. “ಕಂಕ್ಣ ಕಟ್ಟಿದ್ ಕೈಲಿ ಕತ್ತರಿ ಹಿಡ್ದಾರೇನೆ?”

“ಹಂಗಾರೆ ನೀನೇ ಕತ್ತರ್ಸು ದೊಡ್ಡವ್ವ.”

ಅವಳು ಕೈ ಹಿಂದಕ್ಕೆ ಕಟ್ಟಿಕೊಂಡಳು. ಕತ್ತರಿ ನನ್ನ ಕೈಗೆ ಕೊಟ್ಟದ್ದು ಅತ್ತೆ. ಕೊಟ್ಟು, ಉಳಿದವರನ್ನೆಲ್ಲ ಹೊರಗೆ ಹೊರಡಿಸಿ ಬಾಗಿಲು ಮುಂದೆ ಮಾಡಿದರು.

ಬಿಸಿಲು ಚಪ್ಪರದ ಎರಡನೆಯ ಕಂಬಕ್ಕೆ ಬರುವ ಹೊತ್ತಿಗೆ ಧಾರೆ. ನಾನು ಮೊದಲು ಬಿಚ್ಚಿದೆ. ತೋಳು, ಬಗಲು, ಎರಡೂ ಪಕ್ಕ. ಖಾಲಮ್ಮ ಇಡೀ ಒಂದು ಕಬ್ಬಿನ ಕಾಲ ನನ್ನಿಂದ ಯಾಕೆ ಬಿಚ್ಚಿಸಿದರು ಎಂದು ಅವತ್ತು ಗೊತ್ತಾಯಿತು. ರೇಷ್ಮೆಗೆ ಒಂದು ಎಳೆ ನೋವಾಗದಂತೆ ನನ್ನ ಕೈ ಓಡಿತು. ಸೇರಿಸಲು ಬಟ್ಟೆ ಬೇಕು, ಕುಂಕುಮದ ರೇಷ್ಮೆ ಇನ್ನೆಲ್ಲಿಯೂ ಇಲ್ಲ. ಗೂಟದ ಮೇಲಿನ ಹಸಿರು ರವಿಕೆ ತೆಗೆದು ಅದರ ಎರಡು ಬುಗ್ಗೆ ತೋಳನ್ನೂ ಕತ್ತರಿಸಿ ಹಾಕಿದೆ. ಕತ್ತರಿಸುವಾಗ ಒಂದು ಸಲ ಕಣ್ಣು ಮುಚ್ಚಿದೆ, ಅಷ್ಟೇ. ಕುಂಕುಮದ ತೋಳನ್ನು ನಡುವೆ ಸೀಳಿ ಹಸಿರು ಪಟ್ಟಿ ಇಟ್ಟೆ, ಪಟ್ಟಿ ಮೇಲೆ ಅಗಲ, ಕೆಳಗೆ ಕಿರಿದು. ಕಂಕುಳಿಗೆ ಚೌಕದ ತುಂಡು, ಪಕ್ಕಕ್ಕೆ ಎರಡೆರಡು ಬೆರಳು.

ಇನ್ನೂ ಅಟ್ಟ ಸೇರದ ಮಿಷನ್ನನ್ನು ಮೂಲೆಯಿಂದ ಎಳೆದುಕೊಂಡೆ. ಕೈ ಮಿಷನ್ನಿನಲ್ಲಿ ಒಂದು ಕೈ ಚಕ್ರಕ್ಕೆ ಹೋಗುತ್ತದೆ, ಬಟ್ಟೆಗೆ ಉಳಿಯುವುದು ಒಂದೇ ಕೈ. ಜಾರುವ ರೇಷ್ಮೆಗೆ ನೆರಿಗೆ ಹಿಡಿಯಲು ಒಂದು ಕೈ ಸಾಲದು. ನಾನು ಎರಡು ಸಲ ತಪ್ಪಿದೆ. ಅತ್ತೆ ನೋಡುತ್ತ ನಿಂತಿದ್ದವರು ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಎದುರು ಕುಕ್ಕರುಗಾಲಿನಲ್ಲಿ ಕುಳಿತರು.

“ಎಂಗ್ ತಿರುಗ್ಸಬೇಕು ಯೋಳು.”

“ಮೆಲ್ಲಗೆ ಅತ್ತೆ. ನಾನು ನಿಲ್ಸಿ ಅಂದ್ರೆ ನಿಲ್ಸಿ.”

ಅತ್ತೆ ಎಂದು ನಾನು ಕರೆದದ್ದು ಅದೇ ಮೊದಲು. ಆಕೆ ತಿರುಗಿಸಿದರು. ನೂಲು ತೆಗೆಯುವ ರಾಟೆ ತಿರುಗಿಸಿ ಅಭ್ಯಾಸವಿದ್ದ ಕೈ, ಒಂದೇ ಹದದಲ್ಲಿ ಓಡಿತು. ನಮ್ಮಿಬ್ಬರ ಮಾತೆಂದರೆ ನಿಲ್ಲಿಸಿ, ತಿರುಗಿಸಿ, ನಿಲ್ಲಿಸಿ, ಅಷ್ಟೇ.

ತೊಟ್ಟು ಹೊರಗೆ ಬಂದಾಗ ಸೋಬಾನೆ ಹೇಳುತ್ತಿದ್ದವರ ಹಾಡು ಅರ್ಧಕ್ಕೆ ನಿಂತಿತು. ಕುಂಕುಮದ ತೋಳು, ನಡುವೆ ಹಸಿರು ಉಬ್ಬಿ ನಿಂತಿತ್ತು. ಅಂಥದ್ದನ್ನು ಮಂಡ್ಯದ ಆ ಹೆಂಗಸರೂ ತೊಟ್ಟಿರಲಿಲ್ಲ. ಅಪಶಕುನ ಎಂದವಳೇ ಹತ್ತಿರ ಬಂದು, “ಇದ್ಯಾವೂರ್ ಪ್ಯಾಸನ್ನೇ?” ಎಂದು ಕೇಳಿದಳು. ಮುಂದಿನ ಗೌರಿ ಹಬ್ಬಕ್ಕೆ ಹೊಳಲಿನಿಂದ ಮಳವಳ್ಳಿಯ ತನಕ ಹುಡುಗಿಯರು ಎರಡು ಬಣ್ಣದ ತೋಳು ಬೇಕೆಂದು ಹಟ ಹಿಡಿದರು. ಬಟ್ಟೆ ಇಲ್ಲದ ಕಾಲಕ್ಕೆ ಅದಕ್ಕಿಂತ ಒಳ್ಳೆಯ ಫ್ಯಾಷನ್ನು ಇನ್ನಾವುದಿತ್ತು? ತುಂಡು ಬಟ್ಟೆಯಿದ್ದರೆ ಸಾಕು. ಅದನ್ನು ಕಂಡುಹಿಡಿದವಳು ನಾನು, ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಆದರೆ ಧಾರೆ ಮುಗಿದು ಹೊರಡುವ ಹೊತ್ತಿಗೆ ಅದಾವುದೂ ನನ್ನ ತಲೆಯಲ್ಲಿರಲಿಲ್ಲ. ಮದುಮಗ, ಗಂಡಸರೆಲ್ಲ ಮುಂದಿನ ಗಾಡಿ ಹತ್ತಿದ್ದರು, ನಮ್ಮ ಗಾಡಿ ಕಟ್ಟಿ ನಿಲ್ಲಿಸಿದ್ದರು. ಅಪ್ಪ ಮಿಷನ್ನನ್ನು ಹಳೆಯ ಕಂಬಳಿಯಲ್ಲಿ ಸುತ್ತಿ, ಅಟ್ಟಕ್ಕೆ ಏರಿಸಲು ಏಣಿಯ ಹತ್ತಿರ ತಂದಿದ್ದರು. ಕೊಟ್ಟ ಮಾತು ತಪ್ಪುವ ಮನುಷ್ಯನಲ್ಲ. ನಾನು ಗಾಡಿಯಲ್ಲಿ ಕುಳಿತು ಅದನ್ನೇ ನೋಡುತ್ತಿದ್ದೆ. ಬೇಡಿಕೊಳ್ಳಬಾರದು ಎಂದು ಹಲ್ಲು ಕಚ್ಚಿಕೊಂಡಿದ್ದೆ.

“ಬೀಗ್ರೆ, ಅದ್ನೆಲ್ಲಿಗ್ ಒತ್ಕೊಂಡ್ ಓಯ್ತಿದ್ದೀರಿ?” ಅತ್ತೆ ಗಾಡಿಯ ಮೇಲಿನಿಂದಲೇ ಕೇಳಿದರು.

“ಅಟ್ಟಕ್ಕೆ ಕಣವ್ವ. ನೀವೇ ಬ್ಯಾಡ ಅಂದ್ರಲ್ಲ.”

“ಅಂದಿದ್ದೆ. ಈಗ ತತ್ತನ್ನಿ ಇತ್ತಾಗೆ.”

ಗಾಡಿಯಲ್ಲಿ ಜಾಗ ಇರಲಿಲ್ಲ. ಅಕ್ಕಿ ಮೂಟೆ, ಪಾತ್ರೆ, ಪೆಟ್ಟಿಗೆ, ನಾನು, ಅತ್ತೆ. ಗಾಡಿ ಹೊಡೆಯುವವನು ಎತ್ತುಗಳಿಗೆ ಭಾರವಾಗುತ್ತದೆ ಎಂದು ಗೊಣಗಿದ. ಅತ್ತೆ ಕೆಳಗೆ ಇಳಿದರು, ತಾವು ಕುಳಿತಿದ್ದ ಜಾಗಕ್ಕೆ ಹುಲ್ಲು ಹರಡಿ, ಅಪ್ಪನ ಕೈಯಿಂದ ಮಿಷನ್ನು ತೆಗೆದು ಅಲ್ಲಿ ಇಟ್ಟರು. ಅಪ್ಪನ ಕಣ್ಣಲ್ಲಿ ನೀರು ಬಂದಿತ್ತು. ನಾನೂ ಇಳಿಯುತ್ತೇನೆ ಎಂದರೆ ಹೊಸ ಮದುಮಗಳು ನಡೆಯಬಾರದು ಎಂದು ಅತ್ತೆ ಗದರಿದರು. ಮಳವಳ್ಳಿಯ ದಾರಿ ಉದ್ದಕ್ಕೂ ಹಳ್ಳ ದಿಣ್ಣೆ. ಆಕೆ ಗಾಡಿಯ ಹಿಂದೆ, ಸೆರಗು ತಲೆಯ ಮೇಲೆ ಹೊದ್ದು, ನಡೆದುಕೊಂಡೇ ಬಂದರು. ಒಂದೊಂದು ಗುಂಡಿ ಬಂದಾಗಲೂ ಗಾಡಿಯವನಿಗೆ ಕೂಗುತ್ತಿದ್ದರು: “ನಿಧಾನ ಕಣ್ಲಾ, ಒಳಗೆ ಮಿಸನ್ನದೆ.”

ಸೊಸೆ ಇದ್ದಾಳೆ ಎನ್ನಲಿಲ್ಲ. ನನಗೆ ಅದಕ್ಕಿಂತ ಹೆಚ್ಚಿನ ಮರ್ಯಾದೆ ಬೇಕಿರಲಿಲ್ಲ.